ನೆರೆಯ ಯಹೂದಿ ಹಬ್ಬಗಳು ಮತ್ತು ನಮ್ಮ ಮಕ್ಕಳ ಅಭಿಮಾನ

ಕೆಲವು ವರ್ಷಗಳ ಹಿಂದೆ, ಜನವರಿಯ ಮೊದಲ ವಾರದಲ್ಲಿ, ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯೊಂದರಲ್ಲಿ ಆರನೆಯ ತರಗತಿಯ ಪಾಠವೀಕ್ಷಣೆಗೆ ಕುಳಿತಿದ್ದೆ. ಗುರುಗಳು 'ನನ್ನ ಮೆಚ್ಚಿನ ಹಬ್ಬ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದರು. ಇಪ್ಪತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ದೀಪಾವಳಿಯನ್ನು ಕುರಿತು ಬರೆದರು. ವಾಕ್ಯಗಳು ಸಹ ಒಂದೇ ಮಾರ್ಗದರ್ಶಿ ಪುಸ್ತಕದಿಂದ ಬಂದಂತೆ ಇದ್ದವು. ನಾಲ್ಕು ದಿನ ಮೊದಲು ಊರಿಗೆ ಊರೇ ಹೊಲಕ್ಕೆ ಹೋಗಿ ಎಳ್ಳಮಾವಾಸ್ಯೆ ಆಚರಿಸಿ ಬಂದಿತ್ತು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡು, ಬೆಳೆಯ ಸುತ್ತ ಚರಗ ಚೆಲ್ಲಿದ ಮಕ್ಕಳೇ ಇವರು. ಅದನ್ನೇಕೆ ಬರೆಯಲಿಲ್ಲವೆಂದು ಒಬ್ಬ ಹುಡುಗನನ್ನು ಕೇಳಿದೆ. "ಅದು ಬರಿಯೋ ಹಬ್ಬ ಅಲ್ರಿ ಸರ್, ಅದು ನಮ್ಮ ಮನ್ಯಾಂದು" ಎಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮನೆಯದು ಬರೆಯತಕ್ಕದ್ದಲ್ಲ ಎಂಬ ಭಾವನೆಯನ್ನು ಮಗುವಿಗೆ ಯಾರೂ ಕಲಿಸಿರಲಿಲ್ಲ. ಆದರೂ ಅದು ಕಲಿತಿತ್ತು. ಮನೆಯ ಹಬ್ಬಕ್ಕೆ ಅನ್ವಯಿಸಿದ ಈ ನಿಯಮ ನಾಳೆ ಮನೆಯ ಭಾಷೆಗೂ ಅನ್ವಯಿಸುತ್ತದೆ. ಕನ್ನಡ ಶಾಲೆಯ ಹಾಜರಿ ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಾಗುತ್ತಿರುವುದಕ್ಕೆ ನಾವು ಅನೇಕ ಕಾರಣಗಳನ್ನು ಹೇಳುತ್ತೇವೆ. ಅವುಗಳಲ್ಲಿ ಇದೂ ಒಂದು ಎಂದು ನನಗೆ ಅನ್ನಿಸುತ್ತದೆ. ಅಂದಿನಿಂದ ತರಬೇತಿಗಳಲ್ಲಿ ಈ ವಿಷಯ ಬಂದಾಗಲೆಲ್ಲ ನಾನು ಒಂದು ಉದಾಹರಣೆಯನ್ನು ಶಿಕ್ಷಕರ ಮುಂದಿಡುತ್ತ ಬಂದಿದ್ದೇನೆ. ಅದು ನಮ್ಮ ರಾಜ್ಯದ್ದೇ ಆದ, ನಮಗಿಂತ ಬಹಳ ಚಿಕ್ಕದಾದ ಒಂದು ಸಮುದಾಯದ್ದು: ಕೊಂಕಣದ ಬೆನೆ ಇಸ್ರಾಯೇಲ್ ಯಹೂದಿಗಳದ್ದು.

ನಮ್ಮ ಮಕ್ಕಳು 'ಯಹೂದಿ' ಎಂಬ ಶಬ್ದವನ್ನು ಸಾಮಾನ್ಯವಾಗಿ ಎರಡನೆಯ ಮಹಾಯುದ್ಧದ ಪಾಠದಲ್ಲಿ, ಹಿಟ್ಲರನ ಹೆಸರಿನ ಜೊತೆಗೆ ಮೊದಲ ಬಾರಿ ಕೇಳುತ್ತಾರೆ. ಯಹೂದಿಗಳು ಮಹಾರಾಷ್ಟ್ರದಲ್ಲಿಯೂ ಇದ್ದಾರೆ, ಅವರ ಮನೆಮಾತು ಮರಾಠಿ, ಅವರ ಅಡ್ಡಹೆಸರುಗಳು ದಿವೇಕರ, ಪೇಣಕರ, ರಾಜಪುರಕರ, ಅಷ್ಟಮಕರ ಎಂದಿರುತ್ತವೆ ಎಂದಾಗ ಮಕ್ಕಳಷ್ಟೇ ಅಲ್ಲ, ಶಿಕ್ಷಕರೂ ಆಶ್ಚರ್ಯಪಡುತ್ತಾರೆ. ಸಮುದಾಯದ ಪರಂಪರಾಗತ ಕಥೆಯ ಪ್ರಕಾರ, ಎರಡು ಸಾವಿರ ವರ್ಷಗಳಿಗೂ ಹಿಂದೆ ಒಂದು ಹಡಗು ಅಲಿಬಾಗದ ಹತ್ತಿರದ ನವಗಾಂವದ ಕಡಲಲ್ಲಿ ಒಡೆಯಿತು, ಏಳು ಗಂಡಸರು, ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು, ಧರ್ಮಗ್ರಂಥಗಳು ನೀರುಪಾಲಾದವು. ಉಳಿದವರು ಕೊಂಕಣದ ಹಳ್ಳಿಗಳಲ್ಲಿ ನೆಲೆಸಿ ಎಣ್ಣೆಯ ಗಾಣ ನಡೆಸಿದರು. ವಾರಕ್ಕೊಮ್ಮೆ, ಶನಿವಾರ, ಗಾಣ ನಿಲ್ಲಿಸುತ್ತಿದ್ದರು. ಅದರಿಂದಲೇ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶನಿವಾರದ ಗಾಣಿಗರು.

ಈ ಹೆಸರನ್ನು ಸ್ವಲ್ಪ ಗಮನಿಸಬೇಕು. ಅವರ ಕಸುಬು ಬೇರೆಯವರ ಕಸುಬಿನಂತೆಯೇ ಇತ್ತು, ಉಡುಪು ಹಾಗೆಯೇ ಇತ್ತು, ಮಾತು ಹಾಗೆಯೇ ಇತ್ತು. ಅವರನ್ನು ಬೇರೆಯಾಗಿ ಗುರುತಿಸುವಂತೆ ಮಾಡಿದ್ದು ಕೆಲಸ ಮಾಡದ ಒಂದು ದಿನ. ಗ್ರಂಥವಿಲ್ಲ, ದೇವಾಲಯವಿಲ್ಲ, ಪಾಠ ಹೇಳುವ ಗುರುವಿಲ್ಲ. ಶನಿವಾರದ ವಿಶ್ರಾಂತಿ, ಗಂಡುಮಕ್ಕಳ ಸುನ್ನತಿ, ಆಹಾರದ ಕೆಲವು ನಿಯಮಗಳು, 'ಶೆಮಾ' ಎಂಬ ಪ್ರಾರ್ಥನೆಯ ಮೊದಲ ಮಾತುಗಳು ಮತ್ತು ಕೆಲವು ಹಬ್ಬಗಳು ಮಾತ್ರ ಅವರ ಬಳಿ ಉಳಿದಿದ್ದವು. ಮುಂದೆ ಡೇವಿಡ್ ರಹಾಬಿ ಎಂಬ ಯಹೂದಿ ಪ್ರವಾಸಿ ಬಂದಾಗ, ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನಿಟ್ಟು ಪರೀಕ್ಷಿಸಿದನಂತೆ. ರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನುಗಳನ್ನಷ್ಟೇ ಅವರು ಆರಿಸಿಕೊಂಡರು. ಯಹೂದಿ ಧರ್ಮಶಾಸ್ತ್ರದ ನಿಯಮವೂ ಅದೇ. ಪುಸ್ತಕ ಮರೆತದ್ದನ್ನು ಅಡುಗೆಮನೆ ನೆನಪಿಟ್ಟುಕೊಂಡಿತ್ತು.

ಭಾಷಾ ಶಿಕ್ಷಕರಾದ ನಮಗೆ ಇಲ್ಲಿ ಅತ್ಯಂತ ಸ್ವಾರಸ್ಯಕರವಾದದ್ದು ಅವರ ಹಬ್ಬಗಳ ಹಳೆಯ ಹೆಸರುಗಳು. ಹೀಬ್ರೂ ಹೆಸರುಗಳು ಮರೆತುಹೋಗಿದ್ದವು. ಆದ್ದರಿಂದ ಜನ ತಾವು ಮಾಡುವ ಕ್ರಿಯೆಯಿಂದ, ತಿನ್ನುವ ಪದಾರ್ಥದಿಂದ ಹಬ್ಬಗಳಿಗೆ ಮರಾಠಿಯಲ್ಲಿ ಹೆಸರಿಟ್ಟರು. ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾ 'ನವ್ಯಾಚಾ ಸಣ'ವಾಯಿತು. ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪುರ್ 'ದಾರಫಾಳಣೀಚಾ ಸಣ', ಅಂದರೆ ಬಾಗಿಲು ಮುಚ್ಚುವ ಹಬ್ಬವೆನಿಸಿತು. ಅಂದು ಬಿಳಿ ಬಟ್ಟೆ ಉಟ್ಟು, ಬಾಗಿಲು ಮುಚ್ಚಿಕೊಂಡು, ಯಾರನ್ನೂ ಮುಟ್ಟದೆ ದಿನವಿಡೀ ಉಪವಾಸವಿರುತ್ತಿದ್ದರು. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ದಿನಕ್ಕೆ, ಆಗ ಮಾಡುವ ಮೊಳಕೆಕಾಳಿನ ಪಲ್ಯದಿಂದಾಗಿ 'ಬಿರಡ್ಯಾಚಾ ಸಣ' ಎಂಬ ಹೆಸರು ಬಂದಿತು. ಫಾಲ್ಗುಣದ ಹುಣ್ಣಿಮೆಯ ಸುಮಾರಿಗೆ ಬರುವ ಪುರಿಮ್ ಹಬ್ಬವನ್ನು ನೆರೆಯವರ ಹೋಳಿಯ ಹೆಸರಿನಿಂದಲೇ 'ಹೋಳೀಚಾ ಸಣ' ಎಂದರು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು 'ಅನಶೀ ಢಾಕಾಚಾ ಸಣ', ಹುಳಿಯ ಗಡಿಗೆಯನ್ನು ಮುಚ್ಚುವ ಹಬ್ಬ. ಕನ್ನಡ ಬೈಬಲಿನಲ್ಲಿ ಪಸ್ಕ ಹಬ್ಬವೆಂದು ಕರೆಯಲಾದ ಪೆಸಾಹ್ ಇದು. ಈಜಿಪ್ಟಿನ ದಾಸ್ಯದಿಂದ ಪೂರ್ವಜರು ಹೊರಟ ರಾತ್ರಿ ಹಿಟ್ಟು ಹುಳಿಯೇರುವಷ್ಟು ಸಮಯವಿರಲಿಲ್ಲ. ಅದರ ನೆನಪಿಗೆ ಯಹೂದಿಗಳು ಆ ದಿನಗಳಲ್ಲಿ ಹುಳಿಯಿಲ್ಲದ ರೊಟ್ಟಿಯನ್ನು ತಿನ್ನುತ್ತಾರೆ. ಕೊಂಕಣದ ಮನೆಗಳಲ್ಲಿ ಈ ಕಥೆ ಮರೆತುಹೋಗಿತ್ತು. ಆದರೆ ವರ್ಷಕ್ಕೊಮ್ಮೆ, ಅದೇ ಹುಣ್ಣಿಮೆಯ ಸುಮಾರಿಗೆ, ವ್ಯಂಜನಕ್ಕೆ ಬಳಸುವ ಹುಳಿರಸದ ಗಡಿಗೆಯ ಬಾಯಿಯನ್ನು ಎಂಟು ದಿನ ಮುಚ್ಚಿಡಬೇಕೆಂಬುದು ಮರೆತಿರಲಿಲ್ಲ. ಏಕೆ ಎಂದು ಕೇಳಿದರೆ ಹಿರಿಯರಿಗೆ ಉತ್ತರ ಗೊತ್ತಿದ್ದಿತೋ ಇಲ್ಲವೋ, ಗಡಿಗೆಯನ್ನಂತೂ ಮುಚ್ಚಿದರು. ನಂತರ ಕೊಚ್ಚಿಯ ಯಹೂದಿಗಳು ಮತ್ತು 19ನೆಯ ಶತಮಾನದ ಕ್ರೈಸ್ತ ಮಿಷನರಿಗಳ ಮೂಲಕ ಗ್ರಂಥಗಳು ಮತ್ತೆ ಕೈಗೆ ಬಂದಾಗ, ಕ್ರಿಯೆಗೂ ಕಥೆಗೂ ಹೊಂದಾಣಿಕೆಯಾಯಿತು. ಜಾನ್ ವಿಲ್ಸನ್ನರು 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಪ್ರಕಟಿಸಿದ್ದರು. 1874ರಲ್ಲಿ ಪುಣೆಯಲ್ಲಿ ಪಸ್ಕದ ರಾತ್ರಿ ಓದುವ 'ಹಗ್ಗಾದಾ' ಗ್ರಂಥವು ಹೀಬ್ರೂ ಮೂಲ ಮತ್ತು ಮರಾಠಿ ಅನುವಾದಗಳೊಡನೆ ಅಚ್ಚಾಯಿತು. ಅದರ ಚಿತ್ರದಲ್ಲಿ ಹುಳಿಯಿಲ್ಲದ ರೊಟ್ಟಿ ಮಾಡುತ್ತಿರುವ ಹೆಂಗಸರು ನಮ್ಮ ಕಡೆಯ ಹೆಂಗಸರಂತೆಯೇ ಸೀರೆ ಉಟ್ಟಿದ್ದಾರೆ. ಧರ್ಮ ತಮ್ಮದು, ಸೀರೆಯೂ ತಮ್ಮದು. ಎರಡರಲ್ಲಿ ಒಂದನ್ನು ಬಿಡಬೇಕೆಂದು ಅವರಿಗೆ ಅನ್ನಿಸಲಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಅಬ್ರಹಾಮ, ಯೋಸೇಫರ ಕಥೆಗಳನ್ನು ಮರಾಠಿ ಕೀರ್ತನೆಯ ರೂಪದಲ್ಲಿಯೇ ಹಾಡಿದರು.

ಪಸ್ಕದ ರಾತ್ರಿಯ ಕ್ರಮವನ್ನು ಶಿಕ್ಷಕರು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಊಟವೂ ಹೌದು, ಪಾಠವೂ ಹೌದು. ಊಟದ ಮೇಜಿನ ಮೇಲೆ ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಉಪ್ಪುನೀರು, ಖರ್ಜೂರ ಮೊದಲಾದವುಗಳ ಸಿಹಿ ಮಿಶ್ರಣ ಇವೆಲ್ಲ ಇರುತ್ತವೆ. ಮನೆಯ ಅತಿ ಕಿರಿಯ ಮಗು ಎದ್ದು, ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಏಕೆ ಭಿನ್ನ ಎಂದು ಕೇಳಬೇಕು. ನಾಲ್ಕು ಪ್ರಶ್ನೆಗಳು ನಿಶ್ಚಿತವಾಗಿವೆ. ಮಗು ಕೇಳಿದ ಮೇಲೆಯೇ ಹಿರಿಯರು ಬಿಡುಗಡೆಯ ಕಥೆ ಹೇಳುತ್ತಾರೆ. ಕಹಿ ಸೊಪ್ಪು ದಾಸ್ಯದ ಕಹಿ, ಉಪ್ಪುನೀರು ಕಣ್ಣೀರು, ಸಿಹಿ ಮಿಶ್ರಣ ಇಟ್ಟಿಗೆ ಕಟ್ಟುವ ಗಾರೆ ಎಂದು ಒಂದೊಂದನ್ನೂ ತೋರಿಸಿ ಹೇಳಿ, ತಿನ್ನಿಸುತ್ತಾರೆ. ಮಕ್ಕಳಿಗೆ ನಿದ್ದೆ ಬಾರದಿರಲೆಂದು ಒಂದು ತುಂಡು ರೊಟ್ಟಿಯನ್ನು ಬಚ್ಚಿಟ್ಟು ಹುಡುಕಿಸುವ ಆಟವೂ ಉಂಟು.

ಆ ಗ್ರಂಥದಲ್ಲಿಯೇ ನಾಲ್ಕು ಬಗೆಯ ಮಕ್ಕಳ ವರ್ಣನೆಯಿದೆ: ಜಾಣ ಮಗು, ಎದುರು ಮಾತಾಡುವ ಮಗು, ಮುಗ್ಧ ಮಗು, ಪ್ರಶ್ನೆ ಕೇಳಲು ಬಾರದ ಮಗು. ಒಬ್ಬೊಬ್ಬರಿಗೂ ಬೇರೆ ಬೇರೆ ರೀತಿಯಲ್ಲಿ ಉತ್ತರ ಹೇಳಬೇಕು. ನಾಲ್ಕನೆಯ ಮಗುವಿಗೆ ಹಿರಿಯರೇ ಮಾತನ್ನು ಆರಂಭಿಸಿಕೊಡಬೇಕು. ಬಿ.ಎಡ್. ತರಗತಿಗಳಲ್ಲಿ ವೈಯಕ್ತಿಕ ಭಿನ್ನತೆ ಎಂಬ ಶೀರ್ಷಿಕೆಯಡಿ ನಾವು ಎಷ್ಟೋ ಪುಟ ಓದಿದ್ದೇವೆ. ಇಲ್ಲಿ ಅದು ಊಟದ ಮೇಜಿನ ಮೇಲೆ ಶತಮಾನಗಳಿಂದ ನಡೆದು ಬಂದಿದೆ. ಎದುರು ಮಾತಾಡುವ ಮಗುವನ್ನೂ ಊಟಕ್ಕೆ ಕೂರಿಸಿಕೊಂಡಿದ್ದಾರೆಂಬುದನ್ನು ತರಬೇತಿಯಲ್ಲಿ ನಾನು ತಪ್ಪದೆ ಹೇಳುತ್ತೇನೆ.

ನಮ್ಮ ಭಾಗದ ಮಕ್ಕಳಿಗೆ ಅತ್ಯಂತ ಬೇಗ ಹತ್ತಿರವಾಗುವ ಯಹೂದಿ ಹಬ್ಬ ಮಾತ್ರ ಬೇರೆಯೇ ಇದೆ. ಅದು ಸುಕ್ಕೋತ್, ಕನ್ನಡ ಬೈಬಲಿನ ಪರ್ಣಶಾಲೆಗಳ ಹಬ್ಬ. ನಮ್ಮ ಸೀಗಿ ಹುಣ್ಣಿಮೆಯ ಸುಮಾರಿಗೆ ಅದು ಆರಂಭವಾಗುತ್ತದೆ. ಸುಗ್ಗಿಯ ಸಂತೋಷವೂ, ಮರುಭೂಮಿಯಲ್ಲಿ ಪೂರ್ವಜರು ಅಲೆದ ನೆನಪೂ ಅದರಲ್ಲಿ ಬೆರೆತಿವೆ. ಮನೆಯ ಅಂಗಳದಲ್ಲಿಯೋ ಮಾಳಿಗೆಯ ಮೇಲೋ ತಾತ್ಕಾಲಿಕ ಗುಡಿಸಲು ಕಟ್ಟಿ, ಕಡಿದ ರೆಂಬೆ ಸೊಪ್ಪುಗಳನ್ನು ಹೊದಿಸಿ, ಏಳು ದಿನ ಅದರೊಳಗೆ ಉಣ್ಣುತ್ತಾರೆ. ಹೊದಿಕೆಯ ಸಂದಿನಿಂದ ನಕ್ಷತ್ರಗಳು ಕಾಣುವಂತಿರಬೇಕೆಂದು ಹೇಳುತ್ತಾರೆ. ಇದನ್ನು ಒಂದು ತರಗತಿಯಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ "ನಮ್ಮ ಕೊಪ್ಪಿ ಹಂಗ" ಎಂದಳು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಜೋಳದ ದಂಟಿನಿಂದ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸುವ ಗುಡಿಸಲನ್ನು ಅವಳು ನೆನೆದಿದ್ದಳು. ಅಂದು ಪಾಠ ಮುಂದಕ್ಕೆ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಕೊಪ್ಪಿ ಯಾರು ಕಟ್ಟುತ್ತಾರೆ, ದಂಟು ಎಷ್ಟು ಬೇಕು, ಬಾಗಿಲು ಯಾವ ದಿಕ್ಕಿಗೆ ಎಂದು ಮಕ್ಕಳು ಜಗಳವಾಡುತ್ತ ಹೇಳಿದರು. ಇಡೀ ಜಗಳ ಕನ್ನಡದಲ್ಲಿತ್ತು.

ದೀಪಗಳ ಹಬ್ಬವಾದ ಹನುಕ್ಕಾ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ರಿ.ಪೂ. 164ರ ಸುಮಾರಿನಲ್ಲಿ ಜೆರುಸಲೇಮಿನ ದೇವಾಲಯವನ್ನು ಮರಳಿ ಶುದ್ಧಗೊಳಿಸಿದ ನೆನಪಿಗೆ ಎಂಟು ರಾತ್ರಿ, ದಿನಕ್ಕೊಂದರಂತೆ ಹೆಚ್ಚಿಸುತ್ತ ದೀಪ ಹಚ್ಚುತ್ತಾರೆ. ದೀಪವನ್ನು ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿಡುವುದು ಪದ್ಧತಿ. ನಮ್ಮದು ಇದು ಎಂದು ಹೇಳಿಕೊಳ್ಳುವುದು ಆಚರಣೆಯ ಭಾಗವೇ ಆಗಿದೆ. ಬೆನೆ ಇಸ್ರಾಯೇಲರ ಹಳೆಯ ಹಬ್ಬಗಳಲ್ಲಿ ಇದು ಇರಲಿಲ್ಲ. ಪೂರ್ವಜರು ಆ ಘಟನೆಗೆ ಮೊದಲೇ ಹೊರಟು ಬಂದಿರಬೇಕೆಂದು ಸಮುದಾಯದ ಇತಿಹಾಸಕಾರರು ವಾದಿಸುವುದು ಇದೇ ಆಧಾರದ ಮೇಲೆ. ಗಣಿತ ಶಿಕ್ಷಕರಿಗೆ ಇಲ್ಲೊಂದು ಕೆಲಸವಿದೆ: ಯಹೂದಿ ಪಂಚಾಂಗವೂ ನಮ್ಮಂತೆ ಚಾಂದ್ರಮಾಸ ಮತ್ತು ಸೌರವರ್ಷಗಳನ್ನು ಹೊಂದಿಸುತ್ತದೆ, 19 ವರ್ಷಗಳಲ್ಲಿ 7 ಅಧಿಕ ಮಾಸಗಳು ಬರುತ್ತವೆ. ಅಧಿಕ ಮಾಸ ಎರಡೂ ಕಡೆ ಒಂದೇ ವರ್ಷ ಬಾರದಿರುವುದರಿಂದ ಹಬ್ಬಗಳು ಕೆಲವೊಮ್ಮೆ ಜೊತೆಗೂಡುತ್ತವೆ, ಕೆಲವೊಮ್ಮೆ ಒಂದು ತಿಂಗಳು ದೂರ ಸರಿಯುತ್ತವೆ. 2022 ಮತ್ತು 2024ರಲ್ಲಿ ಎಳ್ಳಮಾವಾಸ್ಯೆ ಹನುಕ್ಕಾದ ಎಂಟು ದಿನಗಳ ಒಳಗೇ ಬಂದಿತ್ತು. 2023ರ ಹನುಕ್ಕಾ ಡಿಸೆಂಬರಿನಲ್ಲಿ ಮುಗಿದು, ಎಳ್ಳಮಾವಾಸ್ಯೆ ಮುಂದಿನ ಜನವರಿಗೆ ಹೋಗಿತ್ತು.

ಬೆನೆ ಇಸ್ರಾಯೇಲರಿಗೇ ವಿಶೇಷವಾದ ಆಚರಣೆ ಮಲಿದಾ. ನೆನೆಸಿದ ಅವಲಕ್ಕಿಗೆ ಬೆಲ್ಲ, ಕೊಬ್ಬರಿ, ಒಣಹಣ್ಣುಗಳನ್ನು ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು, ಪ್ರವಾದಿ ಎಲೀಯನನ್ನು ಸ್ಮರಿಸಿ ಹಂಚುತ್ತಾರೆ. ಮದುವೆ, ಗೃಹಪ್ರವೇಶ, ಹರಕೆ ತೀರಿಸುವಾಗ ಇದು ಇರಲೇಬೇಕು. ಅಲಿಬಾಗದ ಹತ್ತಿರದ ಖಂಡಾಳೆ ಗ್ರಾಮದ ಬಂಡೆಯೊಂದರ ಮೇಲೆ ಪ್ರವಾದಿಯ ಗುರುತು ಇದೆಯೆಂಬ ನಂಬಿಕೆಯಿಂದ, ಮರಗಳ ಹೊಸವರ್ಷವೆಂಬ ತು ಬಿಶ್ವಾತ್ ದಿನ ಕುಟುಂಬಗಳು ಅಲ್ಲಿಗೆ ಹೋಗುತ್ತವೆ. ಜಗತ್ತಿನ ಬೇರೆ ಯಹೂದಿಗಳಿಗೆ ಅವಲಕ್ಕಿಯ ಈ ನೈವೇದ್ಯ ಗೊತ್ತಿಲ್ಲ. ಇದು ಕೊಂಕಣದ ನೆಲ ಕೊಟ್ಟದ್ದು.

ಕನ್ನಡ ನಾಡಿಗೂ ಈ ಸಮುದಾಯಕ್ಕೂ ಸಂಬಂಧ ಕಲ್ಪಿಸುವ ಒಂದು ಕಥೆಯುಂಟು. ಕಂಪನಿಯ ಸೈನ್ಯದಲ್ಲಿದ್ದ ಸಾಮುವೇಲ್ ಎಜೆಕಿಯೇಲ್ ದಿವೇಕರರು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದರು; ಇವರು ಇಸ್ರಾಯೇಲಿನ ಮಕ್ಕಳೆಂದು ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರು ಬಂದಿರುವ ಜನ ಇವರು ಎಂದು ಪ್ರಾಣ ಉಳಿಸಿದರು ಎಂಬುದು ಸಮುದಾಯದ ಹೇಳಿಕೆ. ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ಹೊತ್ತ ಹರಕೆಯಂತೆ 1796ರಲ್ಲಿ ಅವರು ಮುಂಬಯಿಯ ಮಾಂಡವಿಯಲ್ಲಿ ಕಟ್ಟಿಸಿದ ಮಂದಿರ ಇಂದಿಗೂ ಇದೆ. ಅದರ ಹೆಸರಿನ ಅರ್ಥ 'ಕರುಣೆಯ ಬಾಗಿಲು'. ನಮ್ಮ ಶಿಕ್ಷಕರು ಸೊಲ್ಲಾಪುರದಿಂದ ಪುಣೆಗೆ ಹೋದಾಗ ನೋಡಬಹುದಾದದ್ದು 'ಲಾಲ ದೇವಳ'ವೆಂದು ಜನ ಕರೆಯುವ ಓಹೆಲ್ ಡೇವಿಡ್ ಮಂದಿರ. ಅದನ್ನು ಕಟ್ಟಿಸಿದವರು ಬಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್.

ಈ ಉದಾಹರಣೆಯನ್ನು ಬರೀ ಸುಂದರ ಕಥೆಯಾಗಿ ಹೇಳಿದರೆ ಅನ್ಯಾಯವಾದೀತು. ಹಬ್ಬಗಳನ್ನು ಉಳಿಸಿಕೊಂಡದ್ದರಿಂದ ಎಲ್ಲವೂ ಸರಿಹೋಗಲಿಲ್ಲ. 1948ರ ನಂತರ ಬೆನೆ ಇಸ್ರಾಯೇಲರಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟುಹೋದರು. ಅಲ್ಲಿ ಅವರು ಪೂರ್ಣ ಯಹೂದಿಗಳೇ ಎಂಬ ಸಂಶಯವನ್ನು ಧಾರ್ಮಿಕ ಅಧಿಕಾರಿಗಳು ಎತ್ತಿದರು. ಮದುವೆಯ ಸಂದರ್ಭದಲ್ಲಿ ವಂಶಾವಳಿಯ ವಿಚಾರಣೆ ನಡೆಸತೊಡಗಿದರು. ಸಮುದಾಯದವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ, 1964ರಲ್ಲಿ ಅಲ್ಲಿಯ ಸರಕಾರ ಇವರು ಎಲ್ಲ ರೀತಿಯಿಂದಲೂ ಯಹೂದಿಗಳೆಂದು ಸ್ಪಷ್ಟಪಡಿಸಿತು. ಇಲ್ಲಿ ಉಳಿದವರು ಕೆಲವೇ ಸಾವಿರ. ಮಹಾರಾಷ್ಟ್ರ ಸರಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು. ಇಸ್ರೇಲಿಗೆ ಹೋದವರು ತಮ್ಮ ಜೊತೆ ಮರಾಠಿಯನ್ನು ಒಯ್ದರು. ಅಲ್ಲಿಂದ ಅವರು ಹೊರಡಿಸಿದ ಮರಾಠಿ ಪತ್ರಿಕೆಯ ಹೆಸರು 'ಮಾಯಬೋಲಿ', ತಾಯಿನುಡಿ. ಕೊಂಕಣದಲ್ಲಿ ಮರಾಠಿಯ ನಡುವೆ ಹೀಬ್ರೂ ನೆನಪನ್ನು ಕಾಪಾಡಿದವರು, ಹೀಬ್ರೂ ನಾಡಿನಲ್ಲಿ ಮರಾಠಿಯ ನೆನಪನ್ನು ಕಾಪಾಡುತ್ತಿದ್ದಾರೆ. ಎರಡು ಭಾಷೆಗಳ ನಡುವೆ ಬದುಕುವ ಸೊಲ್ಲಾಪುರ, ಅಕ್ಕಲಕೋಟಗಳ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತರಗತಿಯ ಮಾತು. ಯಹೂದಿ ಹಬ್ಬಗಳ ಪರಿಚಯಕ್ಕೆ ಒಂದು ತಾಸು ಸಾಕು. ಅವರ ಪ್ರಾರ್ಥನೆಯನ್ನು ಮಕ್ಕಳಿಂದ ಹೇಳಿಸುವುದು, ವೇಷ ಹಾಕಿಸಿ ಅಭಿನಯ ಮಾಡಿಸುವುದು ಬೇಡ. ಅದು ಒಂದು ಜನರ ಶ್ರದ್ಧೆ, ನಮ್ಮ ಸ್ನೇಹಸಮ್ಮೇಳನದ ಸಾಮಗ್ರಿಯಲ್ಲ. ಪಶ್ಚಿಮ ಏಷ್ಯಾದ ಇಂದಿನ ಸಂಘರ್ಷದ ಬಗ್ಗೆ ಮಕ್ಕಳು ಕೇಳಿದರೆ, ಅದು ಬೇರೆ ಪಾಠವೆಂದು ಹೇಳಿ ಬೇರೆ ದಿನ ಪ್ರಾಮಾಣಿಕವಾಗಿ ಮಾತಾಡಿರಿ. ಉಳಿದ ತಾಸುಗಳೆಲ್ಲ ನಮ್ಮ ಹಬ್ಬಗಳಿಗಿರಲಿ. ನಮ್ಮ ಹಬ್ಬ ಎಂದರೆ ತರಗತಿಯಲ್ಲಿ ಕುಳಿತಿರುವ ಎಲ್ಲರ ಮನೆಯ ಹಬ್ಬ: ಲಿಂಗಾಯತರ ಮನೆಯದೂ, ಮುಸಲ್ಮಾನರ ಮನೆಯ ಮೊಹರಮ್ಮೂ, ಬಂಜಾರರ ತಾಂಡೆಯದೂ ಸೇರಿ.

ಸಾಮಗ್ರಿಗೆ ದೂರ ಹುಡುಕಬೇಕಾಗಿಲ್ಲ. ಸೊಲ್ಲಾಪುರವು 12ನೆಯ ಶತಮಾನದ ವಚನಕಾರ ಶಿವಯೋಗಿ ಸಿದ್ಧರಾಮರ ಸೊನ್ನಲಿಗೆ. 13ನೆಯ ಶತಮಾನದಲ್ಲಿ ರಾಘವಾಂಕ ಅವರ ಚರಿತ್ರೆಯನ್ನು ಕನ್ನಡದಲ್ಲಿ ಕಾವ್ಯವಾಗಿ ಬರೆದ. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಸಿದ್ಧರಾಮರನ್ನು ಮದುವೆಯಾಗಬೇಕೆಂದ ಕುಂಬಾರರ ಕನ್ಯೆಗೆ ಅವರು ತಮ್ಮ ಯೋಗದಂಡದೊಡನೆ ಮದುವೆಗೆ ಒಪ್ಪಿಗೆ ಕೊಟ್ಟ ಕಥೆಯೇ ಅಕ್ಷತಾ ಸಮಾರಂಭದ ಮೂಲ. ಮರಾಠಿ ವೃತ್ತಪತ್ರಿಕೆಯಲ್ಲಿ ಆ ವಾರದ ವರದಿಗಳನ್ನು ಮಕ್ಕಳಿಗೆ ಕೊಟ್ಟು, ಕನ್ನಡ ಶಬ್ದಗಳಿಗೆ ಗೆರೆ ಎಳೆಯಲು ಹೇಳಿರಿ. 68 ಲಿಂಗಗಳಿಗೆ ಮಾಡುವ 'ಯಣ್ಣಿಮಜ್ಜನ' ನಮ್ಮ ಎಣ್ಣೆಮಜ್ಜನ. 'ಸಮ್ಮತಿ ಕಟ್ಟಾ' ನಮ್ಮ ಕಟ್ಟೆ. ಕೊನೆಯ ದಿನದ 'ಕಪ್ಪಡಕಳಿ'ಯಲ್ಲಿ ಕಪ್ಪಡವೂ ಇದೆ, ಕಳಚುವ ಕಳಿಯೂ ಇದೆ. ಎಳ್ಳಮಾವಾಸ್ಯೆಯೂ ನೆರೆಯ ಮರಾಠಿ ಊರುಗಳಲ್ಲಿ 'ಯೇಳವಸ'ವಾಗಿದೆ. ಮರಾಠಿ ಮಾತಾಡುವ ಗೆಳೆಯನೂ ತನಗೆ ತಿಳಿಯದೆ ವರ್ಷಕ್ಕೆ ಐದು ದಿನ ಕನ್ನಡ ಮಾತಾಡುತ್ತಾನೆಂದು ತಿಳಿದಾಗ ಮಕ್ಕಳ ಮುಖ ಅರಳುವುದನ್ನು ನೀವೇ ನೋಡುವಿರಿ. ಇದನ್ನು ಮೇಲುಗೈಯ ಮಾತಾಗಿ ಬಳಸಕೂಡದು. ನಮ್ಮ ಕನ್ನಡದಲ್ಲಿರುವ ಮರಾಠಿ ಶಬ್ದಗಳ ಪಟ್ಟಿಯನ್ನೂ ಅದೇ ದಿನ ಮಾಡಿಸಬೇಕು. ಅದು ಇನ್ನೂ ಉದ್ದವಾಗಿರುತ್ತದೆ.

ಎರಡನೆಯ ಚಟುವಟಿಕೆ ಪಸ್ಕದಿಂದ ಕಲಿತದ್ದು. ಪ್ರತಿ ಮಗುವೂ ಹಬ್ಬದ ದಿನ ಮನೆಯ ಹಿರಿಯರೊಬ್ಬರಿಗೆ ನಾಲ್ಕು ಪ್ರಶ್ನೆ ಕೇಳಿ ಬರಬೇಕು. ಪ್ರಶ್ನೆಗಳು 'ಏಕೆ' ಎಂದು ಆರಂಭವಾಗಲಿ. ಉತ್ತರಗಳನ್ನು ಅಜ್ಜಿ ಆಡಿದ ಮಾತಿನಲ್ಲಿಯೇ ಬರೆದುಕೊಳ್ಳಲಿ. ಗ್ರಾಂಥಿಕ ಕನ್ನಡಕ್ಕೆ ತಿದ್ದುವ ಕೆಲಸ ಮುಂದಿನ ತಾಸಿನದು. ಪ್ರಶ್ನೆಯೇ ಹೊಳೆಯದ ಮಗುವಿಗೆ ನೀವೊಂದು ಪ್ರಶ್ನೆ ಕೊಟ್ಟು ಕಳಿಸಿರಿ.

ಆರನೆಯ ತರಗತಿಯ ಅದೇ ಶಾಲೆಯಲ್ಲಿ ಮರುವರ್ಷ ಇದನ್ನು ಮಾಡಿಸಿದೆವು. 'ಚರಗ ಏಕೆ ಚೆಲ್ಲುತ್ತಾರೆ?' ಎಂಬ ಒಂದೇ ಪ್ರಶ್ನೆಗೆ ಮೂರು ಉತ್ತರಗಳು ಬಂದವು. ಒಬ್ಬಳ ಅಜ್ಜಿ, ಭೂಮಿತಾಯಿ ಬಸುರಿ, ಅದಕ್ಕೆ ಉಣ್ಣಿಸಬೇಕು ಎಂದಿದ್ದರು. ಇನ್ನೊಬ್ಬನ ಅಜ್ಜ, ಹಕ್ಕಿಗೂ ಹುಳಕ್ಕೂ ಪಾಲು ಎಂದಿದ್ದರು. ಮೂರನೆಯ ಮನೆಯಲ್ಲಿ, "ನಮ್ಮಪ್ಪ ಚೆಲ್ಲತಿದ್ದ, ನಾ ಚೆಲ್ಲತೀನಿ" ಎಂಬ ಉತ್ತರ ದೊರೆಯಿತು. ಯಾವುದು ಸರಿಯಾದ ಉತ್ತರವೆಂದು ಮಕ್ಕಳು ಗುರುಗಳನ್ನು ಕೇಳಿದರು. ಗುರುಗಳು ಮೂರನ್ನೂ ಕರಿಹಲಗೆಯ ಮೇಲೆ ಬರೆದು, ಕೆಳಗೆ ಹೇಳಿದವರ ಹೆಸರುಗಳನ್ನು ಬರೆಯಿಸಿದರು.